ನಾವು ಲೋಕಲ್ಲು, ಏನಿವಾಗ?

ಇಂಗ್ಲಿಷಿನಲ್ಲಿ ಪದಗಳಿಗೇನು ಬರವಿಲ್ಲ. ಆದರೂ ನನ್ನ ಬೆನ್ನು ಹತ್ತಿರೋದು ಒಂದೇ: ಲೋಕಲ್. ನಮ್ಮೂರು ಎಲೆಕ್ಟ್ರಾನಿಕ್ ಸಿಟಿಯ ಕಾಂಪೌಂಡಿಗೆ ಅಂಟಿಕೊಂಡಿರೋ ಹಳ್ಳಿ. ಗೋಡೆಯ ಆಚೆ ಸಾಫ್ಟ್‌ವೇರ್ ಕಂಪನಿ, ಈಚೆ ನಮ್ಮ ದನದ ಕೊಟ್ಟಿಗೆ. ಆ ಗೋಡೆ ದಾಟಿ ಅಡ್ಮಿನ್ ವಿಭಾಗದಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಈ ಪದ ಒಂದು ದಿನ ಬೈಗುಳವಾಗಿ, ಇನ್ನೊಂದು ದಿನ ಇಂಜೆಕ್ಷನ್ನಾಗಿ, ಮತ್ತೊಂದು ದಿನ ಸೊಪ್ಪಿನ ಕಟ್ಟಾಗಿ ಎದುರಿಗೆ ಬರ್ತಾನೇ ಇದೆ. ನಾನೂ ಬಿಟ್ಟಿಲ್ಲ, ಬಂದಾಗಲೆಲ್ಲ ಸೊಂಟಕ್ಕೆ ಕೈಯಿಟ್ಟು ನಿಂತಿದೀನಿ.

ಊರಿಗೆ ಹೋಗಿ ಬರೋದು

ಇಂಟರ್‌ವ್ಯೂನಲ್ಲಿ ಕನ್ನಡಕ ಹಾಕಿದ್ದ ಸಾಹೇಬರೊಬ್ಬರು, "ನೀವು ಲೋಕಲ್ಲಾ?" ಅಂತ ಕೇಳಿದ್ರು. ಮನೆ ಹತ್ತಿರ ಇರೋದು ಒಳ್ಳೇದೇ ಅಲ್ವಾ ಅಂತ, "ಹೂಂ ಸಾರ್, ಈ ಕಿಟಕೀಲಿ ನೋಡಿದ್ರೆ ನಮ್ಮನೆ ಹಂಚು ಕಾಣುತ್ತೆ" ಅಂದೆ.

ಅವರ ಮುಖ ಬಾಡಿಹೋಯ್ತು. "ಅದೇ ಕಷ್ಟ ನೋಡಿ. ಲೋಕಲ್ ಜನ ಜಾಸ್ತಿ ರಜೆ ಹಾಕ್ತಾರೆ. ಹಬ್ಬ ಅಂತೀರಿ, ಊರದೇವ್ರು ಅಂತೀರಿ, ಚಿಕ್ಕಪ್ಪನ ಮಗಳ ಸೀಮಂತ ಅಂತೀರಿ."

ಕೆಲಸ ಹೋದ್ರೆ ಹೋಗ್ಲಿ ಅನ್ನಿಸಿಬಿಡ್ತು. "ಸಾರ್, ನೀವು ಹಬ್ಬಕ್ಕೆ ಊರಿಗೆ ಹೋದ್ರೆ ಯಾವಾಗ ಬರ್ತೀರಿ?"

"ಒಂದು ವಾರ ಆಗುತ್ತೆ."

"ನಾನು ಊಟದ ಬಿಡುವಿನಲ್ಲಿ ಊರಿಗೆ ಹೋಗಿ, ಒಬ್ಬಟ್ಟು ತಿಂದು, ಕೈ ಒಣಗೋದ್ರೊಳಗೆ ವಾಪಸ್ ಬಂದಿರ್ತೀನಿ."

ಕೆಲಸ ಸಿಕ್ಕಿತು. ಆ ವರ್ಷ ಯುಗಾದಿಗೆ ಊರಿಗೆ ಹೋಗೋಕೆ ಆ ಸಾಹೇಬರಿಗೇ ರಜೆ ಸಿಗಲಿಲ್ಲ. ಪಾಪ, ನಮ್ಮನೆ ಜಗಲೀಲಿ ಕೂತು ಎರಡನೇ ಒಬ್ಬಟ್ಟಿಗೆ ತುಪ್ಪ ಹಾಕಿಸ್ಕೊಳ್ತಾ, "ಲೋಕಲ್ ಆಗಿರೋದು ಎಷ್ಟು ಅನುಕೂಲ ಅಲ್ವಾ?" ಅಂದ್ರು.

ಅಮ್ಮನ ದವಡೆ ಹಲ್ಲು

ನಮ್ಮಮ್ಮನಿಗೆ ಲೋಕಲ್ ಅಂದ್ರೆ ಒಂದೇ ಅರ್ಥ: ಡೂಪ್ಲಿಕೇಟು. ಸಂತೇಲಿ ತಂದ ಲೋಕಲ್ ಕುಕ್ಕರಿನ ಹಿಡಿ ಕೈಗೇ ಕಿತ್ತುಬಂದ ಮೇಲೆ ಆ ಮಾತು ಕೇಳಿದ್ರೆ ಉರಿದುಬೀಳ್ತಾಳೆ. ಇಂಥವಳನ್ನ ಹಲ್ಲು ಕೀಳಿಸೋಕೆ ಕರ್ಕೊಂಡು ಹೋದೆ.

ಡಾಕ್ಟರಮ್ಮ ಸಮಾಧಾನ ಮಾಡ್ತಾ, "ಹೆದರ್ಬೇಡಿ ಅಮ್ಮಾ, ಲೋಕಲ್ ಕೊಟ್ಟು ತೆಗೀತೀನಿ" ಅಂದ್ರು.

ಅಮ್ಮ ಕುರ್ಚಿಯಿಂದ ಎದ್ದು ಕೂತಳು. "ಯಾಕ್ ತಾಯಿ, ನಾವೇನ್ ಗತಿ ಇಲ್ದೋರಾ? ಕಂಪ್ನಿದೇ ಕೊಡಿ!"

"ಇದಕ್ಕೆ ಲೋಕಲ್ಲೇ ಸಾಕು ಅಮ್ಮಾ. ಜನರಲ್ ಬೇಕಾಗಿಲ್ಲ."

"ಜನ್ರಲ್ಲಂತೂ ಬ್ಯಾಡವೇ ಬ್ಯಾಡ. ರೈಲಲ್ಲಿ ನೋಡಿವ್ನಿ, ಕಾಲಿಡಕ್ಕೂ ಜಾಗ ಇರಾಕಿಲ್ಲ."

ಲೋಕಲ್ ಅಂದ್ರೆ ಆ ಜಾಗ ಮಾತ್ರ ಮರಗಟ್ಟಿಸೋ ಔಷಧಿ, ಜನರಲ್ ಅಂದ್ರೆ ಪೂರ್ತಿ ಎಚ್ಚರ ತಪ್ಪಿಸೋದು ಅಂತ ನಾನು ಬಿಡಿಸಿ ಹೇಳಿದ ಮೇಲೆ ಅರೆಮನಸ್ಸಿನಿಂದ ಬಾಯಿ ತೆರೆದಳು. ಹಲ್ಲು ಸಲೀಸಾಗಿ ಬಂತು. ವಾಪಸ್ ಬರುವಾಗ ಆಟೋ ಕನ್ನಡೀಲಿ ಮುಖ ನೋಡ್ಕೊಂಡ್ರೆ ತುಟಿ ಒಂದು ಕಡೆ ಜೋತುಬಿದ್ದಿತ್ತು. ಅದೇ ತುಟೀಲಿ ತೊದಲುತ್ತಾ ಗೆದ್ದವಳ ಹಾಗೆ ಅಂದಳು: "ನೋಡ್ದಾ? ನಾನ್ ಏಳ್ಲಿಲ್ವಾ? ಲೋಕಲ್ಲು ಮನೆ ಸೇರೋದ್ರೊಳ್ಗೇ ಸೊಟ್ಟಗಾಯ್ತು!"

ಸೊಪ್ಪಿಗೆ ಟೇಪು

ಹೊಸ ಅಪಾರ್ಟ್‌ಮೆಂಟ್‌ಗಳ ಕೆಳಗೆ ಒಂದು ಸೂಪರ್ ಮಾರ್ಕೆಟ್ ಆಯ್ತು. ಏನಿದೆ ನೋಡಾನ ಅಂತ ನಮ್ಮಜ್ಜಿ ಹಟ ಮಾಡಿ ಬಂದಳು. ಅಲ್ಲಿ 'ಲೋಕಲ್' ಅಂತ ಹಸಿರು ಬೋರ್ಡು, ಅದರ ಕೆಳಗೆ ದಂಟಿನ ಸೊಪ್ಪು, ಪ್ರತಿ ಕಟ್ಟಿಗೂ ಕೆಂಪು ಟೇಪಿನಲ್ಲಿ ಹೂವಿನ ಹಾಗೆ ಗಂಟು. ಜೀವಮಾನವೆಲ್ಲ ಅದೇ ಸೊಪ್ಪನ್ನ ಬಾಳೆನಾರಲ್ಲಿ ಬಿಗಿದವಳು ಅಜ್ಜಿ.

"ಇದ್ಕೇನು ಮದ್ವೆನಾ?" ಅಂದಳು.

ಅಂಗಡಿ ಹುಡುಗಿ ನಕ್ಕಳು. "ಇದು ಲೋಕಲ್ ಅಜ್ಜಿ. ಅದಕ್ಕೇ ಸ್ಪೆಷಲ್ಲು, ರೇಟೂ ಬೇರೆ."

"ಅಂಗಾ? ನಾನೂ ಲೋಕಲ್ಲೇ ಕಣವ್ವ. ನಂಗೂ ಒಂದು ಕಟ್ಟು" ಅಂತ ಅಜ್ಜಿ ಬೆನ್ನು ತಿರುಗಿಸಿ ತುರುಬು ತೋರಿಸಿದಳು. ಆ ಹುಡುಗೀನೂ ಸಾಮಾನ್ಯದವಳಲ್ಲ, ಕಟ್ಟೇಬಿಟ್ಟಳು! ಬಿಚ್ಚು ಅಂತ ನಾನು ದಾರಿಯುದ್ದಕ್ಕೂ ಗೋಗರೆದರೂ ಅಜ್ಜಿ ಕೇಳಲಿಲ್ಲ. ಊರ ಬಾಗಿಲಲ್ಲಿ ಸಿಕ್ಕ ಗೆಳತಿಗೆ ತಲೆ ತಿರುಗಿಸಿ ತೋರಿಸಿದಳು: "ನೋಡ್ಕೊ, ನನ್ ರೇಟ್ ಈಗ ಬ್ಯಾರೆ!"

ಲಿಫ್ಟಿನಲ್ಲಿ

ನಮ್ಮ ಆಫೀಸಿನ ಹೌಸ್‌ಕೀಪಿಂಗ್ ಅಕ್ಕ ಯಾದಗಿರಿ ಕಡೆಯವಳು. ಗಂಡ ಗಾರೆ ಕೆಲಸಕ್ಕೆ ಬಂದ, ಜೊತೆಗೆ ಇವಳೂ ಬಂದಳು. ಒಂದು ಬೆಳಿಗ್ಗೆ ನಾವಿಬ್ಬರೂ ಲಿಫ್ಟಿನಲ್ಲಿ ಬಿದ್ದು ಬಿದ್ದು ನಗ್ತಿದ್ವಿ. ನಮ್ಮನೆ ಹಸು ಪಾರ್ಕಿಂಗಿಗೆ ನುಗ್ಗಿದಾಗ ಸೆಕ್ಯೂರಿಟಿಯವನು ಅದಕ್ಕೂ ಸೆಲ್ಯೂಟ್ ಹೊಡೆದಿದ್ದ. ಹಿಂದೆ ನಿಂತಿದ್ದವರು ನನ್ನ ಮ್ಯಾನೇಜರು. ಹುಟ್ಟಿ ಬೆಳೆದಿದ್ದು ಜಯನಗರ, ಈಗ ನಮ್ಮೂರ ಪಕ್ಕ ಫ್ಲಾಟ್ ತಗೊಂಡಿದ್ರು. ಮುಖ ಕಿವುಚಿ, "ಮೆಲ್ಲಗೆ ಮಾತಾಡಿ. ಡೋಂಟ್ ಬಿ ಸೋ ಲೋಕಲ್" ಅಂದು ಇಳಿದುಹೋದ್ರು.

ನನ್ನ ಕಿವಿ ಕಾದುಹೋಯ್ತು. ಅಕ್ಕ ಕೇಳಿದಳು: "ಸಾಹೇಬ್ರು ಏನಂದ್ರವ್ವಾ?"

"ನಮ್ಮಿಬ್ರನ್ನೂ ಲೋಕಲ್ ಅಂದ್ರು."

"ಅಂದ್ರ?"

ಬೈದಿದ್ದನ್ನ ಹೇಳೋಕೆ ಮನಸ್ಸು ಬರಲಿಲ್ಲ. "ಇದೇ ಊರೋರು ಅಂತ ಅಕ್ಕ."

ಅವಳು ಪೊರಕೆ ಗೋಡೆಗೆ ಒರಗಿಸಿದಳು. ಕಣ್ಣಲ್ಲಿ ನೀರು. "ಬಾಡಿಗಿ ಮನಿಯವ್ರು, ನೀರಿನ ಟ್ಯಾಂಕರ್‌ನವ್ರು, ಎಲ್ರೂ 'ನೀವು ಹೊರಗಿನವ್ರು' ಅಂತಾರವ್ವಾ. ಇವ್ರೊಬ್ರು ನನ್ನ ಈ ಊರಾಕಿ ಅಂದ್ರಲ್ಲ. ದೇವ್ರಂಥಾ ಮನಷ್ಯಾ!"

ಮಾರನೇ ದಿನ ಲಿಫ್ಟ್ ತುಂಬ ಜನ. ಮ್ಯಾನೇಜರು ಒಳಗೆ ಕಾಲಿಟ್ಟಿದ್ದೇ ತಡ, ಅಕ್ಕ ಎರಡೂ ಕೈ ಎತ್ತಿ ಮುಗಿದು, "ಶರಣ್ರೀ ಸಾಹೇಬ್ರ! ನನ್ನ ಲೋಕಲ್ ಮಾಡಿದ್ರಿ, ಜನ್ಮದಾಗ ಮರಿಯಂಗಿಲ್ರೀ!" ಅಂದಳು. ಎಲ್ಲರೂ ತಿರುಗಿ ಅವರನ್ನೇ ನೋಡಿದ್ರು. ಅವರ ಆಫೀಸು ಆರನೇ ಮಹಡೀಲಿತ್ತು. ಒಂದನೇ ಮಹಡೀಲೇ ಇಳಿದುಬಿಟ್ರು.

ಯಾವ ಊರು?

ಹೊಸೂರು ರಸ್ತೆಗೆ ಮೇಲ್ಸೇತುವೆ ಬಂದ ಹೊಸದು. ಸುತ್ತಲಿನ ಹಳ್ಳಿಯವರಿಗೆ ಟೋಲಿನಲ್ಲಿ ರಿಯಾಯಿತಿ ಇದೆ ಅಂತ ಸುದ್ದಿ ಹಬ್ಬಿತ್ತು. ನಿಜವೋ ಸುಳ್ಳೋ, ಎಲ್ಲರೂ ಒಂದು ಕೈ ನೋಡ್ತಿದ್ರು. ಅದೇ ಮ್ಯಾನೇಜರು ಒಂದು ಮೀಟಿಂಗಿಗೆ ನನ್ನನ್ನ ಕಾರಲ್ಲಿ ಕರ್ಕೊಂಡು ಹೊರಟ್ರು. ಟೋಲ್ ಬಂದ ಕೂಡಲೇ ಗಾಜು ಇಳಿಸಿ, ಎಂದೂ ಇಲ್ಲದ ದನಿ ತೆಗೆದ್ರು: "ಅಣ್ಣಾ, ಲೋಕಲ್ಲು!"

ನಾನು ಕೂತಲ್ಲೇ ಬೆಚ್ಚಿಬಿದ್ದೆ.

ಟೋಲಿನವನು ನಿಧಾನವಾಗಿ ಕೇಳಿದ: "ಯಾವ ಊರು ಸಾರ್?"

"ಎಲೆಕ್ಟ್ರಾನಿಕ್ ಸಿಟಿ."

"ಅದು ಊರಲ್ಲ ಸಾರ್. ನಿಮ್ಮನೆ ಇರೋದು ಎಲ್ಲಿ?"

"ಟವರ್ ಬಿ."

"ಅದೂ ಊರಲ್ಲ. ಆ ಟವರ್ ಕೆಳಗೆ ಯಾವ ಊರಿದೆ, ಅದು ಹೇಳಿ."

ಮ್ಯಾನೇಜರು ಯೋಚನೆ ಮಾಡಿದ್ರು. "ಕೆಳಗೆ... ಎರಡು ಫ್ಲೋರ್ ಪಾರ್ಕಿಂಗ್ ಇದೆ."

ಹಿಂದೆ ಹಾರನ್ನುಗಳ ಮೇಳ ಶುರುವಾಯ್ತು. ಅವರು ನನ್ನ ಕಡೆ ತಿರುಗಿ, "ಏನಾದ್ರೂ ಹೇಳಮ್ಮಾ" ಅಂತ ಪಿಸುಗುಟ್ಟಿದ್ರು. ನಾನು ನನ್ನ ಗಾಜು ಇಳಿಸಿ, ತಲೆ ಆಚೆ ಹಾಕಿ, ಹೊಲದ ಆ ತುದೀಲಿ ಇರೋರನ್ನ ಕರೆಯೋ ದನೀಲಿ ಹೇಳಿದೆ: "ಅಣ್ಣಾ, ಲೋಕಲ್ಲು ನಾನು! ಇವ್ರು ನಮ್ಮೂರಿಗೆ ಬಂದಿರೋ ನೆಂಟ್ರು!"

ಅವನು ನಮ್ಮೂರ ಹೆಸರು ಕೇಳಿದ, ಹೇಳಿದೆ. ನಮ್ಮಪ್ಪನ ಹೆಸರು ಕೇಳಿದ, ಹೇಳಿದೆ. ಅವನ ಮುಖ ಅರಳಿತು.

"ಹಂಗಾದ್ರೆ ನೀವು ಇಳಿದು ಆರಾಮಾಗಿ ನಡ್ಕೊಂಡು ಹೋಗಿ ಅಕ್ಕ, ನಿಮ್ಮನ್ನ ಯಾರೂ ತಡೆಯಲ್ಲ. ನೆಂಟ್ರು ಟೋಲ್ ಕಟ್ಟಿ ಹಿಂದ್ಗಡೆ ಬರ್ಲಿ!"