ಜ್ಯೋತಿಬಾನ ಪಟ್ಟಾ ಪರಾಕ್ರಮ

ಹಗ್ಗವೆಂದರೆ ಜ್ಯೋತಿಬಾನಿಗೆ ಮೈಯೆಲ್ಲ ಉರಿ. ದಾಂಡೇಲಿಯ ಬಂಗೂರನಗರದ ಮನೆಯಲ್ಲಿ ಕುಳಿತು, ಮೊಬೈಲಿನಲ್ಲಿ ಪರದೇಶದ ಲಾರಿಗಳ ವಿಡಿಯೋ ನೋಡಿ ನೋಡಿ, ನಮ್ಮ ದೇಶ ಹಿಂದುಳಿಯಲು ನಾರಿನ ಹಗ್ಗವೇ ಮೂಲಕಾರಣ ಎಂಬ ಸಿದ್ಧಾಂತಕ್ಕೆ ಆತ ಬಂದಿದ್ದ. ಮುಂದುವರಿದ ಜನ ಸರಕು ಬಿಗಿಯಲು ನೈಲಾನ್ ಪಟ್ಟಾ ಬಳಸುತ್ತಾರೆ. ಹಿಡಿಕೆ ಆಡಿಸಿದರೆ ಸಾಕು, ಕಟಕಟ ಎಂದು ಬಿಗಿಯುತ್ತ ಹೋಗುವ ಪಟ್ಟಾ! ಅಂಥದೊಂದನ್ನು ತರಿಸಿಕೊಂಡ ದಿನದಿಂದ ಮನೆಯಲ್ಲಿ ಅಲುಗಾಡುವ ಹಕ್ಕು ಯಾವ ವಸ್ತುವಿಗೂ ಉಳಿಯಲಿಲ್ಲ. ಗ್ಯಾಸ್ ಸಿಲಿಂಡರಿನ ಕೈಕಾಲು ಕಟ್ಟಿದ. (ಸಿಲಿಂಡರಿಗೆ ಕೈಕಾಲಿಲ್ಲ ಎನ್ನಬೇಡಿ. ಇದ್ದಿದ್ದರೆ ಅದು ಅಂದೇ ಓಡಿಹೋಗುತ್ತಿತ್ತು.)

ಇಷ್ಟರಲ್ಲಿ ಅವನ ಹೆಂಡತಿ ಸ್ವಪ್ನಾಳ ತಂಗಿಗೆ ಗಂಡು ಹುಟ್ಟಿತು. ಹಳಿಯಾಳದ ತವರಿನಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಸಾಗವಾನಿ ತೊಟ್ಟಿಲು ತರುವ ಹೊಣೆ ಹಿರಿಯ ಅಳಿಯನಾದ ಜ್ಯೋತಿಬಾನದು. ಮಧ್ಯಾಹ್ನದ ಮುಹೂರ್ತದೊಳಗೆ ತೊಟ್ಟಿಲು ಮುಟ್ಟದಿದ್ದರೆ ಕೂಸಿಗೆ ಹೆಸರಿಲ್ಲ, ಅಳಿಯನಿಗೆ ಮುಖವಿಲ್ಲ.

"ಸುಮ್ನ ಹಗ್ಗಾ ತಗೊಂಡ ಕಟ್ರಿ, ಹೊತ್ತಾಗತೈತಿ," ಎಂದಳು ಸ್ವಪ್ನಾ.

"ಹಗ್ಗಾ ಹಾಕಾಕ ಇದೇನ್ ಎಮ್ಮಿ ಏನು? ನೀನೂ ಅವ್ವನೂ ಮೊದಲ ಹಿಂದ ಹತ್ತಿ ಕುಂದರ್ರಿ. ತೂಕ ಸಮಾ ಆಗಬೇಕು. ಇದು ಸೈನ್ಸ್!"

ಮುಂದಿನ ಸೀಟನ್ನು ತೊಟ್ಟಿಲಿನ ಕಂಬಗಳೂ ಬೇಸನ್ ಉಂಡಿಯ ಡಬ್ಬಿಯೂ ಆಕ್ರಮಿಸಿದ್ದರಿಂದ, ಅತ್ತೆ ಸಿದ್ದಕ್ಕನೂ ಸೊಸೆಯೂ ಸೈನ್ಸಿಗೆ ಶರಣಾಗಿ ಹಿಂದೆ ಕುಳಿತರು. ಜ್ಯೋತಿಬಾ ಕಾರಿನ ಮೇಲೆ ತೊಟ್ಟಿಲಿಟ್ಟು, ಪಟ್ಟಾವನ್ನು ಅದರ ಮೇಲೆ ಹಾಯಿಸಿ, ಹಿಂದಿನ ಒಂದು ಕಿಟಕಿಯಿಂದ ಒಳಗೆ ಬಿಟ್ಟು, ಹೆಂಗಸರ ತಲೆಯ ಮೇಲಿಂದ ಇನ್ನೊಂದು ಕಿಟಕಿಯಿಂದ ಹೊರಗೆಳೆದು, ಹಿಡಿಕೆ ಆಡಿಸಿದ. ಕಟ, ಕಟ, ಕಟ! ಕಾರೇ ಒಮ್ಮೆ ನರಳಿತು.

ಊರು ದಾಟಿ ಕಾಡಿನ ರಸ್ತೆಗೆ ಬಂದದ್ದೇ ತಡ, ತಲೆಯ ಮೇಲೆ ಭೋಂ ಎಂಬ ಸದ್ದು ಎದ್ದಿತು.

"ಯಪ್ಪಾ! ಹೆಜ್ಜೇನ ಎದ್ದಾವೇನೋ!" ಸಿದ್ದಕ್ಕ ಸೆರಗು ಮುಚ್ಚಿಕೊಂಡಳು.

"ಗಾಳಿಗಿ ಪಟ್ಟಾ ನಡಗತೈತಿ ಅವ್ವಾ. ಇನ್ನೊಂಚೂರ ಬಿಗದ್ರ ಆತು."

ಇಳಿದು ಬಿಗಿದ. ಸದ್ದು ನಿಲ್ಲಲಿಲ್ಲ, ಮಂದ್ರದಿಂದ ತಾರಕಕ್ಕೆ ಏರಿತಷ್ಟೆ. ಆ ಸಂಗೀತ ಕೇಳುತ್ತ ಅರ್ಧ ದಾರಿ ಸಾಗುವಷ್ಟರಲ್ಲಿ ಸಿದ್ದಕ್ಕ ಮಗನ ಹೆಗಲು ತಿವಿದಳು.

"ಗಾಡಿ ನಿಲ್ಲಸು. ನಾ ಇಳೀಬೇಕು."

"ಇನ್ನೇನ್ ಊರು ಬಂತ ಬಿಡವ್ವಾ."

"ಸಕ್ಕರಿ ಬ್ಯಾನಿ ಊರು ಕೇರಿ ಕೇಳತೈತೇನೋ? ನಿಲ್ಲಸು!"

ಕಾರು ನಿಂತಿತು. ಬಾಗಿಲು ತೆರೆಯಲಿಲ್ಲ. ಆಚೆ ಬಾಗಿಲೂ ತೆರೆಯಲಿಲ್ಲ. ಸ್ವಪ್ನಾ ಕತ್ತೆತ್ತಿ, ತಲೆಯ ಮೇಲೆ ಹಾದ ಪಟ್ಟಾವನ್ನೊಮ್ಮೆ, ಬಾಗಿಲುಗಳನ್ನೊಮ್ಮೆ ನೋಡಿದಳು.

"ರೀ, ತೊಟ್ಟಿಲಾ ಕಟ್ಟೀರೋ, ನಮ್ಮನ್ನ ಕಟ್ಟೀರೋ? ಬಾಗಲಾ ಸೇರಿಸಿ ಬಿಗದೀರಲ್ರಿ!"

ಜ್ಯೋತಿಬಾ ಹೊರಗೆ ಹಾರಿ ಹಿಡಿಕೆ ಎಳೆದ. ಕಟ! ಇನ್ನಷ್ಟು ಬಿಗಿಯಿತು. ಬಿಚ್ಚುವ ವಿಧಾನ ವಿಡಿಯೋದ ಎರಡನೆಯ ಭಾಗದಲ್ಲಿತ್ತು. ನಮ್ಮ ಪಂಡಿತರು ಮೊದಲ ಭಾಗಕ್ಕೇ ಪದವಿ ಪಡೆದವರು. ಈಗ ನೋಡೋಣವೆಂದರೆ ಕಾಡಿನಲ್ಲಿ ನೆಟ್‌ವರ್ಕ್ ಇಲ್ಲ. ಮುಂದಿನ ಸೀಟಿಗೆ ನುಸುಳಲು ಸಿದ್ದಕ್ಕನ ಆಕಾರ ಒಪ್ಪಲಿಲ್ಲ.

"ಕೊಯ್ಯೋ, ಹಾಟ್ಯಾ!" ಎಂದು ಅವಳು ಸೀಟು ಬಡಿದಳು.

ಕೊಯ್ಯಲು ಚಾಕು ಬೇಕಲ್ಲ? ಟನ್ನುಗಟ್ಟಲೆ ಭಾರ ತಡೆಯುವ ಪಟ್ಟಾವನ್ನು ಜ್ಯೋತಿಬಾ ಹಲ್ಲಿನಿಂದ ಕಚ್ಚತೊಡಗಿದ.

ಅದೇ ಹೊತ್ತಿಗೆ ಪೊಲೀಸ್ ಜೀಪು ಬಂತು. ಒಳಗೆ ಗಾಜು ಬಡಿಯುತ್ತಿರುವ ಇಬ್ಬರು ಹೆಂಗಸರು, ಹೊರಗೆ ಕಾರನ್ನು ಕಚ್ಚುತ್ತಿರುವ ಗಂಡಸು. ಹೆಡ್ ಕಾನ್‌ಸ್ಟೆಬಲ್ ಗೋದುಬಾಯಿ ಲಾಠಿ ಹಿಡಿದೇ ಇಳಿದಳು.

"ಏ! ಏನ್ ನಡದೈತಿ?"

"ಏನಿಲ್ರಿ ಮೇಡಂ. ಹೇಣ್ತಿ ಮತ್ತ ಅವ್ವ. ನಾನ ಕಟ್ಟೇನ್ರಿ."

ಸತ್ಯ ಹೇಳಿ ಇಷ್ಟು ಬೇಗ ಕೆಟ್ಟವನನ್ನು ಗೋದುಬಾಯಿ ತನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ. ದಾರಿಗೆ ಬಿದ್ದ ಟೊಂಗೆ ಕಡಿಯಲೆಂದು ಜೀಪಿನಲ್ಲಿಟ್ಟಿದ್ದ ಕುಡಗೋಲು ತಂದು ಪಟ್ಟಾ ಕತ್ತರಿಸಿದಳು. ಸಿದ್ದಕ್ಕ ಹುಡುಗಿಯಂತೆ ಹಾರಿ ಪೊದೆಯ ಹಿಂದೆ ಮಾಯವಾದಳು.

"ಖರೇನ ಇಂವ ನಿಮ್ಮ ಗಂಡನ ಏನ್ರಿ?"

ಸ್ವಪ್ನಾ ಕೆಳಗಿಳಿದು ಮುದುಡಿದ ನೆರಿಗೆ ಸರಿಮಾಡಿಕೊಂಡಳು. "ಮದವ್ಯಾಗ ಹಂಗಂತ ಹೇಳಿದ್ರರಿ."

ಅಷ್ಟರಲ್ಲಿ ಸಿದ್ದಕ್ಕ ಹಗುರಾಗಿ ಬಂದಳು. "ಅವ್ವಾ, ನೀ ಹೇಳು!" ಜ್ಯೋತಿಬಾ ಅಂಗಲಾಚಿದ. ಸಿದ್ದಕ್ಕ ನೆತ್ತಿಗೇರುತ್ತಿದ್ದ ಸೂರ್ಯನನ್ನು ನೋಡಿದಳು, ತೊಟ್ಟಿಲು ನೋಡಿದಳು, ಕಡೆಗೆ ಮಗನನ್ನು ನೋಡಿದಳು. ಉಂಡಿಯ ಡಬ್ಬಿ ಎತ್ತಿಕೊಂಡು ನೆಟ್ಟಗೆ ಜೀಪು ಹತ್ತಿದಳು.

"ತೊಟ್ಟಿಲಾ ನಮ್ಮದ ಐತಿ ನೋಡವ್ವಾ ಬಾಯಿ. ಅದನ್ನ ಮೊದಲ ಮುಟ್ಟಸೂಣು. ಇವನ ಗುರ್ತಾ ಊಟಾ ಆದಮ್ಯಾಲ ಹೇಳ್ತೇನಿ."