ಕಂದಾಯವೆಂಬ ಮುಯ್ಯಿ

ನಮ್ಮೂರಿನ ಪಂಚಾಯಿತಿಗೆ ಇಬ್ಬರು ಯಜಮಾನರು. ಒಬ್ಬರು ಸರ್ಕಾರ, ಇನ್ನೊಬ್ಬರು ನಮ್ಮ ಸೋದರತ್ತೆ. ಸರ್ಕಾರವನ್ನಾದರೂ ಹೇಗೋ ಸಂಭಾಳಿಸಬಹುದು, ನಿಮ್ಮತ್ತೆಯನ್ನು ಮಾತ್ರ ಆಗುವುದಿಲ್ಲ ಎಂದು ಪಿಡಿಒ ಸಾಹೇಬರು ನನ್ನ ಝೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ಕೂತು, ಟೀ ಕುಡಿಯುತ್ತಾ, ಎಷ್ಟು ಸಲ ನಿಟ್ಟುಸಿರು ಬಿಟ್ಟಿದ್ದಾರೋ ಲೆಕ್ಕವಿಲ್ಲ.

ಊರಿನ ಹೆಸರು ಮಾತ್ರ ಕೇಳಬೇಡಿ. ಹೊನ್ನಾಳಿಯಿಂದ ನ್ಯಾಮತಿಯ ಕಡೆಗೋ, ಚನ್ನಗಿರಿಯಿಂದ ಸಂತೇಬೆನ್ನೂರಿನ ಕಡೆಗೋ, ಇಲ್ಲಾ ಅತ್ತ ಜಗಳೂರಿನ ಕಡೆಗೋ ಬಸ್ಸು ಹತ್ತಿದರೆ ಎಲ್ಲೋ ಒಂದು ಕಡೆ ಸಿಗುತ್ತದೆ ಅಂದುಕೊಳ್ಳಿ. ಹೆಸರು ಹೇಳಿದರೆ ನಾಳೆಯಿಂದ ಪಂಚಾಯಿತಿಯವರು ನನ್ನ ಅಂಗಡಿಗೆ ಝೆರಾಕ್ಸಿಗೆ ಬರುವುದಿಲ್ಲ. ಆಫೀಸು ಇರುವುದು ನನ್ನ ಅಂಗಡಿಯ ಪಕ್ಕದಲ್ಲೇ. ನನ್ನ ಅನ್ನ ಬರುವುದೂ ಅಲ್ಲಿಂದಲೇ. ಅತ್ತೆಯ ಅರ್ಜಿ ಟೈಪು ಮಾಡುವವನು ನಾನು. ಆ ಅರ್ಜಿಗೆ ಪಂಚಾಯಿತಿ ಕೊಡುವ ಉತ್ತರವನ್ನು ಟೈಪು ಮಾಡುವವನೂ ನಾನೇ! ಎರಡೂ ಕಡೆಗೆ ಒಬ್ಬನೇ ವಕೀಲನಾದರೆ ಅವನ ಪಾಡು ಹೇಗಿರಬಹುದು ಹೇಳಿ? ಒಂದು ಕಡೆಯವರು ದುಡ್ಡು ಕೊಡುತ್ತಾರೆ, ಇನ್ನೊಂದು ಕಡೆಯವರು ಬೈಯುತ್ತಾರೆ. ದುಡ್ಡು ಕೊಡುವುದು ಅತ್ತೆಯಲ್ಲ.

ಇಷ್ಟಕ್ಕೆಲ್ಲ ಕಾರಣ ಅತ್ತೆಯ ತಲೆಯಲ್ಲಿ ಯಾವಾಗಲೋ ಹೊಕ್ಕು ಕೂತ ಒಂದು ತಪ್ಪು ಕಲ್ಪನೆ. ಅವಳ ಪ್ರಕಾರ ಮನೆ ಕಂದಾಯ ಎಂದರೆ ಮುಯ್ಯಿ. ನಮ್ಮ ಕಡೆ ಮದುವೆ, ಗೃಹಪ್ರವೇಶಗಳಲ್ಲಿ ಮುಯ್ಯಿ ಕೊಡುತ್ತೇವಲ್ಲ, ಕೊಟ್ಟವರ ಹೆಸರನ್ನು ಮೈಕಿನಲ್ಲಿ ಗಟ್ಟಿಯಾಗಿ ಓದಿಸುತ್ತೇವಲ್ಲ, ನಾಳೆ ನಮ್ಮ ಮನೆಯಲ್ಲಿ ಕಾರ್ಯವಾದಾಗ ಅದು ಮರ್ಯಾದೆಯಾಗಿ ತಿರುಗಿ ಬರುತ್ತದಲ್ಲ, ಅದೇ ಮುಯ್ಯಿ! ತೆರಿಗೆಯೇ ಬೇರೆ, ಮುಯ್ಯಿಯೇ ಬೇರೆ ಎಂದು ನಾನೊಮ್ಮೆ ತಿಳಿಹೇಳಲು ಹೋದೆ.

"ಏನಲೇ ಬೇರೆ? ನಾನು ಕೊಟ್ಟೀನಿ, ಅವರು ತಿರುಗಿ ಮಾಡ್ಬೇಕು. ಇದರಾಗೆ ತಿಳಿಯಾಕೆ ಏನೈತೆ?" ಎಂದಳು. ಡಿಗ್ರಿ ಓದಿದ ನಾನು ಅವಳ ಅರ್ಜಿ ಟೈಪು ಮಾಡಲು ಕೂತೆ.

ಬಿಲ್ ಕಲೆಕ್ಟರ್ ಕಂದಾಯಕ್ಕೆ ಬಂದರೆ ಓಣಿಯ ಉಳಿದ ಮನೆಗಳಲ್ಲಿ ಸಿಗುವ ಉತ್ತರ "ನಾಳೆ ಬಾರಪ್ಪ" ಎಂದು. ಅತ್ತೆಯ ಮನೆಯಲ್ಲಿ ಮಾತ್ರ "ಯಾಕೋ ಇಷ್ಟು ತಡ?" ಎಂಬ ಗದರಿಕೆ. ಪಾಪ, ಆತ ಕಾಲು ತೊಳೆದು, ಚಾಪೆಯ ಮೇಲೆ ಕೂತು, ಎಲೆಯಡಿಕೆ ಹಿಡಿಯಬೇಕು. ಅಷ್ಟಕ್ಕೇ ಮುಗಿಯಿತೇ? ಆಮೇಲೆ ಜಗಲಿಗೆ ಬಂದು ನಿಂತು, ಇಂಥಾ ಮನೆಯವರಿಂದ ಪೂರಾ ಕಂದಾಯ ಸಂದಿತು ಎಂದು ಓಣಿಗೆಲ್ಲ ಕೇಳುವಂತೆ ಓದಬೇಕು! ಮೊದಲ ವರ್ಷ ಆತ ನಾಚಿಕೆಯಿಂದ ಕೆಂಪಾಗಿಬಿಟ್ಟಿದ್ದ. ಆದರೆ ಓದಿದ ಸದ್ದಿಗೆ ಅಕ್ಕಪಕ್ಕದ ಮನೆಗಳವರು ಮುಖ ಮುಖ ನೋಡಿಕೊಂಡರು. ಸಂಜೆಯೊಳಗೆ ನಾಲ್ಕು ಮನೆಯವರು ತಾವಾಗಿಯೇ ಆತನನ್ನು ಹುಡುಕಿಕೊಂಡು ಹೋಗಿ ಕಟ್ಟಿ ಬಂದರು. ಈಗ ಆತನೇ ಎಲ್ಲ ಮನೆಗಳಿಗಿಂತ ಮೊದಲು ಅತ್ತೆಯ ಮನೆಗೆ ಬರುತ್ತಾನೆ. ಗಂಟಲು ಸರಿ ಮಾಡಿಕೊಂಡು ಬರುತ್ತಾನೆ!

ಕಂದಾಯ ಕಟ್ಟಿದ ಮೇಲೆ ಊರೆಲ್ಲಾ ಅತ್ತೆಯದೇ. ಬೀದಿಯ ದೀಪ "ನನ್ನ ಲೈಟು". ಕಸದ ಗಾಡಿ "ನನ್ನ ಗಾಡಿ". ಒಮ್ಮೆ ಓಣಿಗೆ ಸಿಮೆಂಟ್ ರಸ್ತೆ ಹಾಕುತ್ತಿದ್ದಾಗ ಅತ್ತೆ ಹೊಸ ಸಿಮೆಂಟಿಗೆ ಸೌಟಿನ ಹಿಡಿ ಇಳಿಸಿ ನೋಡಿದಳು. ಕಂಟ್ರಾಕ್ಟರು ಓಡಿ ಬಂದ.

"ಇದು ರಸ್ತೇನೋ ರೊಟ್ಟಿನೋ?" ಎಂದು ಕೇಳಿದಳು.

"ಅಮ್ಮಾ, ಎಸ್ಟಿಮೇಟಿನ ಪ್ರಕಾರಾನೇ ಐತ್ರಿ."

"ನಾನು ತಟ್ಟೋ ರೊಟ್ಟಿ ಇದಕ್ಕಿಂತ ದಪ್ಪ ಇರ್ತೈತಪ್ಪ. ಬೇಕಾದ್ರೆ ಒಳಗೆ ಬಾ, ತಿಂದು ನೋಡು."

ಆತ ರೊಟ್ಟಿಯನ್ನೂ ತಿಂದ, ಪಲ್ಯವನ್ನೂ ತಿಂದ. ತಿಂದ ಋಣಕ್ಕೋ, ಸೌಟಿನ ಭಯಕ್ಕೋ, ಅತ್ತೆಯ ಮನೆಯ ಮುಂದೆ ಮಾತ್ರ ಇನ್ನೊಂದು ಪದರ ಸಿಮೆಂಟು ಹಾಕಿಸಿದ. ಬೇರೆ ಯಾರಾದರೂ ಆಗಿದ್ದರೆ ಸುಮ್ಮನೆ ಇರುತ್ತಿದ್ದರು. ಅತ್ತೆ ಮಾರನೇ ದಿನವೇ ನನ್ನ ಅಂಗಡಿಯಲ್ಲಿ ಹಾಜರ್! "ಬರಕೋ. ನನ್ನ ಮನೆ ಮುಂದೆ ಮಾತ್ರ ರಸ್ತೆ ದಪ್ಪ ಆಗಿರೋದಕ್ಕೆ ನನ್ನ ತಕರಾರು ಐತೆ." ತನ್ನ ಲಾಭದ ವಿರುದ್ಧ ತಾನೇ ಕೊಟ್ಟ ಅಂಥ ಅರ್ಜಿಯನ್ನು ಪಿಡಿಒ ಸಾಹೇಬರು ತಮ್ಮ ಸರ್ವಿಸಿನಲ್ಲೇ ಕಂಡಿರಲಿಲ್ಲವಂತೆ. ಯಾವ ಫೈಲಿಗೆ ಹಾಕಬೇಕೆಂದು ತಿಳಿಯದೆ ಎರಡು ದಿನ ಮೇಜಿನ ಮೇಲೇ ಇಟ್ಟುಕೊಂಡಿದ್ದರು. ಕೊನೆಗೆ ಓಣಿಯ ರಸ್ತೆಗೆಲ್ಲ ಎರಡನೇ ಪದರ ಬಿತ್ತು.

ಹೀಗೆ ಎಲ್ಲ ಮುಯ್ಯಿಯೂ ಸ್ವಲ್ಪ ತಡವಾಗಿಯಾದರೂ ತಿರುಗಿ ಬರುತ್ತಿತ್ತು. ಬಾರದೇ ಉಳಿದದ್ದು ಒಂದೇ. ಸಂತೆ ಮೈದಾನದ ಮೂಲೆಯಲ್ಲಿ, ನನ್ನ ಅಂಗಡಿಗೆ ನೇರ ಎದುರಿಗೆ ಕಟ್ಟಿದ್ದ ಹೆಂಗಸರ ಶೌಚಾಲಯ. ಕಟ್ಟಿ ಎರಡು ವರ್ಷವಾಗಿತ್ತು. ಗುಲಾಬಿ ಬಣ್ಣ ಬಳಿದಿದ್ದರು, ಗೋಡೆಯ ಮೇಲೆ ಸೆರಗು ಹೊದ್ದ ಹೆಂಗಸಿನ ಚಿತ್ರ ಬರೆಸಿದ್ದರು, ಬಾಗಿಲಿಗೆ ದೊಡ್ಡದೊಂದು ಬೀಗ ಜಡಿದಿದ್ದರು. ಅದರ ನೆರಳಿನಲ್ಲಿ ಮೇಕೆಗಳು ಮಲಗುತ್ತಿದ್ದವು, ಕಟ್ಟೆಯ ಮೇಲೆ ಯಾರೋ ಮೆಕ್ಕೆಜೋಳ ಒಣಗಿಸುತ್ತಿದ್ದರು. ಸಂತೆಯ ದಿನ ಸೊಪ್ಪು, ಮೆಣಸಿನಕಾಯಿ ಮಾರಲು ಬೆಳಿಗ್ಗೆಯೇ ಬಂದು ಕೂರುವ ಹೆಂಗಸರು ಮಾತ್ರ ಇಬ್ಬಿಬ್ಬರಾಗಿ ಕೆರೆ ಏರಿಯ ಹಿಂದೆ ಹೋಗಬೇಕಿತ್ತು. ಒಬ್ಬಳು ಕೂತರೆ ಇನ್ನೊಬ್ಬಳು ಸೆರಗು ಅಡ್ಡ ಹಿಡಿದು ನಿಲ್ಲಬೇಕಿತ್ತು. ಆ ಏರಿಯ ಮೇಲೆ ಬೈಕುಗಳು ಓಡಾಡುತ್ತವೆ. ನಮಗೆ ಗಂಡಸರಿಗೇನು ಬಿಡಿ, ಗೋಡೆ ಇದ್ದಲ್ಲೆಲ್ಲ ಸೌಕರ್ಯ!

ಈ ಬೀಗದ ಬಗ್ಗೆ ಅತ್ತೆ ಬರೆಸಿದ ಅರ್ಜಿಗಳು ಏಳು. "ಪರಿಶೀಲನೆಯಲ್ಲಿದೆ" ಎಂಬ ಉತ್ತರವನ್ನು ಏಳು ಸಲವೂ ನಾನೇ ಟೈಪು ಮಾಡಿದೆ. ನಾಲ್ಕನೆಯದರಿಂದಾಚೆಗೆ ಹೊಸದಾಗಿ ಟೈಪು ಮಾಡಲಿಲ್ಲ, ತಾರೀಖು ಬದಲಾಯಿಸಿ ಪ್ರಿಂಟು ಕೊಟ್ಟೆ ಅಷ್ಟೇ.

ಅಷ್ಟರಲ್ಲಿ ಪಂಚಾಯಿತಿಯ ನೋಟೀಸ್ ಬೋರ್ಡಿನಲ್ಲಿ ಗ್ರಾಮಸಭೆಯ ಪ್ರಕಟಣೆ ಬಿತ್ತು. "ಆಕ್ಷೇಪಣೆಗಳಿದ್ದಲ್ಲಿ ಸಲ್ಲಿಸಲು ಸಾರ್ವಜನಿಕರನ್ನು ಆಹ್ವಾನಿಸಲಾಗಿದೆ." ಈ ಸಾಲನ್ನು ನೀವೂ ನಾನೂ ಎಷ್ಟು ಸಲ ಓದಿಲ್ಲ! ಓದಿ ಮುಂದಕ್ಕೆ ಹೋಗುತ್ತೇವೆ. ಅತ್ತೆ ಓದಿದಳು, ಹೋಗಲಿಲ್ಲ. ನಿಂತು ಎರಡನೇ ಸಲ ಓದಿದಳು. ಮುಖ ಅರಳಿತು.

"ಲೇ, ಕರೆದಾರೆ ಕಣಲೇ!"

"ಅತ್ತೆ, ಅದು ಸುಮ್ನೆ ಹಂಗೆ ಬರೀತಾರೆ."

"ಸುಮ್ಮಸುಮ್ಮನೆ ಯಾರಾದ್ರೂ ಆಹ್ವಾನ ಕೊಡ್ತಾರಾ? ಕರೆದ ಮೇಲೆ ಹೋಗದಿದ್ರೆ ಅವರಿಗೆ ಬೇಜಾರಾಗಲ್ವ?"

ಗ್ರಾಮಸಭೆಯ ದಿನ ಅತ್ತೆ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ತಟ್ಟೆಯಲ್ಲಿ ಹಣ್ಣು ಕಾಯಿ ಇಟ್ಟುಕೊಂಡು ಬಂದಳು. ತಾನೊಬ್ಬಳೇ ಬರಲಿಲ್ಲ, ಓಣಿಯ ಹೆಂಗಸರನ್ನೆಲ್ಲ ಹೊರಡಿಸಿಕೊಂಡು ಬಂದಳು. ಯಾರದೋ ನಿಶ್ಚಿತಾರ್ಥ ಇರಬೇಕು, ಹಾಲ್ ಡಬಲ್ ಬುಕಿಂಗ್ ಆಗಿದೆ ಎಂದುಕೊಂಡು ಪಿಡಿಒ ಸಾಹೇಬರು ಗಾಬರಿಯಾದರು. ಅತ್ತೆ ತಟ್ಟೆಯನ್ನು ಅವರ ಕೈಗಿಟ್ಟು, "ಕರೆದಿದ್ರಿ, ಬಂದೀವಿ. ಆಕ್ಷೇಪಣೆನೂ ತಂದೀವಿ" ಎಂದು ಮುಂದಿನ ಸಾಲಿನಲ್ಲಿ ಕೂತಳು.

ವೇದಿಕೆಯ ಮೇಲೆ ಪಂಚಾಯಿತಿ ಅಧ್ಯಕ್ಷರಿದ್ದರು. ಅಧ್ಯಕ್ಷರು ಹೆಂಗಸು. ಅವರ ಪಕ್ಕದಲ್ಲಿ ಇನ್ನೂ ದೊಡ್ಡ ಕುರ್ಚಿಯಲ್ಲಿ ಅವರ ಯಜಮಾನರಿದ್ದರು. ಸಹಿ ಅಧ್ಯಕ್ಷರದು, ಮಾತು ಯಜಮಾನರದು. ಪಿಡಿಒ ಸಾಹೇಬರು ಆದ ಕೆಲಸಗಳ ಪಟ್ಟಿ ಓದುತ್ತಾ ಬಂದು, "ಮಹಿಳೆಯರ ಶೌಚಾಲಯ, ಕಾಮಗಾರಿ ಪೂರ್ಣ" ಎಂದರು. ಅತ್ತೆ ಎದ್ದು ನಿಂತಳು.

"ಪೂರ್ಣ ಆಗಿದ್ರೆ ಬೀಗ ಯಾಕ್ರೀ ಸಾಹೇಬ್ರೆ?"

ಯಜಮಾನರು ಉತ್ತರಿಸಿದರು. "ಉದ್ಘಾಟನೆ ಆಗ್ಬೇಕಮ್ಮ. ದೊಡ್ಡೋರ ಡೇಟು ಸಿಕ್ಕಿಲ್ಲ. ಕಲ್ಲು ಕೆತ್ತಿಸಿ ಇಟ್ಟೀವಿ, ತಾರೀಖಿನ ಜಾಗ ಒಂದು ಖಾಲಿ ಐತೆ."

"ನಾವೂ ನಮ್ಮ ಹೊಟ್ಟೆಗೆ ಹಂಗೇ ಹೇಳಾಣೇನ್ರಿ? ದೊಡ್ಡೋರ ಡೇಟು ಸಿಗೋತನಕ ತಡಕೋ ಅಂತ?"

ಗಂಡಸರೆಲ್ಲ ಬಿದ್ದು ಬಿದ್ದು ನಕ್ಕರು. ಹೆಂಗಸರು ಯಾರೂ ನಗಲಿಲ್ಲ. ಅಧ್ಯಕ್ಷರೂ ನಗಲಿಲ್ಲ ಎಂಬುದನ್ನು ನಾನು ಗಮನಿಸಿದೆ. "ಪರಿಶೀಲಿಸೋಣ" ಎಂದು ಯಜಮಾನರು ಸಭೆ ಮುಗಿಸಿದರು.

ಅತ್ತೆ ಅಲ್ಲಿಂದ ಸೀದಾ ನನ್ನ ಅಂಗಡಿಗೆ ಬಂದಳು. ಎಂಟನೇ ಅರ್ಜಿ ಎಂದು ನಾನು ಹಳೆಯ ಫೈಲು ತೆಗೆದೆ.

"ಅರ್ಜಿ ಅಲ್ಲ, ಕಾರ್ಡು. ಅವರಿಗೆ ಆಹ್ವಾನ ಮಾಡಾಕೆ ಬರ್ತೈತೆ, ನಮಗೆ ಬರಲ್ವ? ನಮ್ಮ ಮುಯ್ಯಿಯಾಗೆ ಕಟ್ಟಿದ ಮನೆ, ಗೃಹಪ್ರವೇಶ ನಾವೇ ಮಾಡ್ತೀವಿ."

"ಅತ್ತೆ! ಕಕ್ಕಸಿಗೆ ಗೃಹಪ್ರವೇಶನಾ? ಹಾಲುಕ್ಕಿಸ್ತೀಯೇನು ಅಲ್ಲಿ?"

"ಹಾಲು ಬೇಡ. ನೀರು ಬಂದ್ರೆ ಸಾಕು."

ಟೈಪು ಮಾಡಿದೆ. "ನಮ್ಮ ಕಂದಾಯದಲ್ಲಿ ಕಟ್ಟಿರುವ ಮಹಿಳಾ ಶೌಚಾಲಯದ ಪ್ರವೇಶ ಸಮಾರಂಭವನ್ನು ಬರುವ ಸಂತೆಯ ದಿನ ಇಟ್ಟುಕೊಂಡಿದ್ದು, ತಾವು ಸಕುಟುಂಬ ಸಮೇತರಾಗಿ ಆಗಮಿಸಬೇಕಾಗಿ ವಿನಂತಿ." ಸಕುಟುಂಬ ಬೇಡ, ಅದು ಹೆಂಗಸರದು ಎಂದೆ. ಗಂಡಸರು ಹೊರಗೆ ನಿಂತು ಮಂಡಕ್ಕಿ ತಿನ್ನಲಿ ಎಂದಳು. ಕೊನೆಗೆ ಒಂದು ಸೂಚನೆ ಸೇರಿಸಿದಳು: "ಆಶೀರ್ವಾದ ಬೇಡ. ಉಡುಗೊರೆ ತರುವುದು." ಮೊದಲ ಕಾರ್ಡು, ಅಕ್ಷತೆ ಸಮೇತ, ಪಿಡಿಒ ಸಾಹೇಬರಿಗೇ ಹೋಯಿತು. ಅವರು ಬೆವರು ಒರೆಸಿಕೊಳ್ಳುತ್ತಾ ಬಂದು ನನ್ನ ಬೆಂಚಿನ ಮೇಲೆ ಕೂತರು.

"ನಾನು ಬೇಡ ಅನ್ನಲ್ಲಪ್ಪ. ಓಪನ್ ಆದ್ರೆ ನೀರು, ಕ್ಲೀನಿಂಗ್ ಎಲ್ಲಾ ಮಾಡಿಸ್ತೀನಿ. ಆದ್ರೆ ಕೀ ನನ್ನ ಹತ್ರ ಇಲ್ಲ, ಯಜಮಾನರ ಹತ್ರ ಐತೆ" ಎಂದರು.

ಸಂತೆಯ ದಿನ ಗುಲಾಬಿ ಗೋಡೆಗೆ ಮಾವಿನ ತೋರಣ ಬಂತು. ಬಾಡಿಗೆಯ ಮೈಕು ಬಂತು. ಮುಯ್ಯಿ ಓದುವ ಕೆಲಸ ನನ್ನ ತಲೆಗೆ ಬಂತು! ಓದಿದೆ. ಕುಂಬಾರ ಓಣಿಯವರ ಕಡೆಯಿಂದ ಬಕೆಟ್ಟು ಎರಡು. ಸ್ವಸಹಾಯ ಸಂಘದವರ ಕಡೆಯಿಂದ ಫಿನಾಯಿಲು ಒಂದು ಕ್ಯಾನು. ಶಾಲೆಯ ಮೇಡಂ ಕಡೆಯಿಂದ ಕನ್ನಡಿ ಒಂದು. ಮೆಣಸಿನಕಾಯಿ ಮಾರುವವರ ಕಡೆಯಿಂದ ಪೊರಕೆ, ಮಗ್ಗು, ಸೋಪು. ಒಂದೊಂದು ಹೆಸರಿಗೂ ಸಂತೆಯೇ ಚಪ್ಪಾಳೆ ತಟ್ಟುತ್ತಿತ್ತು. ಮುಯ್ಯಿ ಬಾಗಿಲ ಮುಂದೆ ರಾಶಿ ಬಿತ್ತು. ಬಾಗಿಲು ಮಾತ್ರ ಹಾಗೇ ಮುಚ್ಚಿತ್ತು. ಇನ್ನು ಓದಲು ಹೆಸರಿಲ್ಲ, ಮುಂದೇನು ಎಂದು ಪಟ್ಟಿಯನ್ನು ಹಿಂದೆ ಮುಂದೆ ತಿರುವಿದೆ. ಯಜಮಾನರು ಆಫೀಸಿನ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತು ತಮಾಷೆ ನೋಡುತ್ತಿದ್ದರು.

ಆಗ ಹೆಂಗಸರ ಸಾಲಿನ ಕೊನೆಯಿಂದ ಅಧ್ಯಕ್ಷರು ಬಂದರು. ಒಬ್ಬರೇ ಬಂದರು. ಏನು ಓದಲಿ ಮೇಡಂ ಎಂದು ಕೇಳಿದೆ. ಸೊಂಟದ ಗಂಟು ಬಿಚ್ಚಿ, ಮೈಕಿಗೆ ಬಾಯಿಟ್ಟು ಅವರೇ ಹೇಳಿದರು: "ಅಧ್ಯಕ್ಷರ ಕಡೆಯಿಂದ ಬೀಗದ ಕೈ ಒಂದು."

ಮೆಟ್ಟಿಲ ಮೇಲಿದ್ದ ಯಜಮಾನರ ಕೈ ತಟ್ಟನೆ ಅಂಗಿಯ ಜೇಬಿಗೆ ಹೋಯಿತು. ಅಧ್ಯಕ್ಷರು ಅತ್ತೆಯ ಕಡೆ ತಿರುಗಿ, "ಅಂಗಿ ಒಗೆಯಾಕೆ ಹಾಕಿದ್ರು, ಜೇಬಿನಾಗೆ ಸಿಕ್ತು ಅತ್ತೆಮ್ಮ" ಎಂದರು. ಮೈಕು ಇನ್ನೂ ಆನ್ ಇತ್ತು! ಊರಿಗೆ ಊರೇ ನಕ್ಕಿತು. ಈ ಸಲ ಹೆಂಗಸರೂ ನಕ್ಕರು. ಎರಡು ವರ್ಷದ ಬೀಗ ಕೊನೆಗೂ ತೆರೆಯಿತು. ಕೆತ್ತಿಸಿದ ಆ ಕಲ್ಲು ಇವತ್ತಿಗೂ ಆಫೀಸಿನ ಮೂಲೆಯಲ್ಲಿ ದೊಡ್ಡವರ ತಾರೀಖು ಕಾಯುತ್ತಾ ನಿಂತಿದೆ. ಪಿಡಿಒ ಸಾಹೇಬರು ಮಾತಿನಂತೆ ನಡೆದುಕೊಂಡರು. ಮಾರನೇ ದಿನವೇ ನಲ್ಲಿಯಲ್ಲಿ ನೀರು ಬಂತು.

ಮುಂದಿನ ಸಂತೆಯ ದಿನ ಅತ್ತೆ ನನ್ನ ಬೆಂಚಿನ ಮೇಲೆ ಕೂತು ಚರಂಡಿಯ ಬಗ್ಗೆ ಹೊಸ ಅರ್ಜಿ ಹೇಳುತ್ತಿದ್ದಳು. ಎದುರಿಗೆ ಸೊಪ್ಪು ಮಾರುವ ಹೆಂಗಸು ಎದ್ದು ಬಂದು ನನ್ನ ಕುಡಿಯುವ ನೀರಿನ ಕ್ಯಾನಿನ ಕಡೆ ನೋಡಿದಳು.

"ಒಂದು ಲೋಟ ನೀರು ಕೊಡ್ತೀರಾ ಅಣ್ಣಾರೆ?"

ಕೊಟ್ಟೆ. ಒಂದೇ ಉಸಿರಿಗೆ ಕುಡಿದು ಮತ್ತೆ ಲೋಟ ಚಾಚಿದಳು. ತಮಾಷೆಗೆಂದು ಕೇಳಿದೆ, "ಇಷ್ಟು ವರ್ಷ ಎದುರಿಗೇ ಕೂರ್ತೀಯಲ್ಲಮ್ಮ, ಒಂದು ದಿನಾನೂ ನೀರು ಕೇಳಲಿಲ್ಲ?"

"ಕುಡಿದು ಎಲ್ಲಿಗೆ ಹೋಗಾಣ ಅಣ್ಣಾರೆ? ಸಂತೆ ದಿನ ಬೆಳಿಗ್ಗೆ ಎದ್ದಾಗಿಂದ ಮನೆ ಸೇರೋತನಕ ನಾವ್ಯಾರೂ ನೀರು ಮುಟ್ತಿರಲಿಲ್ಲ" ಎಂದು ಅವಳು ನಗುತ್ತಲೇ ಹೇಳಿದಳು.

ನನಗೆ ನಗಲಾಗಲಿಲ್ಲ. ಅಷ್ಟು ವರ್ಷ ಆ ಬಿಸಿಲಿನಲ್ಲಿ ಅವಳು ಬಾಯಾರಿ ಕೂತಿದ್ದಳು, ನಾನು ನೆರಳಿನಲ್ಲಿ ಕೂತು ತಾರೀಖು ಬದಲಾಯಿಸುತ್ತಿದ್ದೆ. ತುಂಬಾ ನಾಚಿಕೆಯಾಯಿತು. ಅತ್ತೆಯ ಕಡೆ ನೋಡಿದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, "ಅರ್ಜಿ ಆಮೇಲೆ ಬರಿ, ಆಕೆಗೆ ಇನ್ನೊಂದು ಲೋಟ ಕೊಡಲೇ" ಎಂದಳು.

ಕೊಟ್ಟೆ. ಅಷ್ಟರಲ್ಲಿ ಮೆಣಸಿನಕಾಯಿ ಮಾರುವವಳೂ ಎದ್ದು ಬಂದಳು.