ಕೆರೆ ಅಂಚಿನ ಬಸುರಿ ಶಿವಂಗಿ

ಗೊರಸು ನೋಡಿ ಎತ್ತಿನ ಗುಣ ಹೇಳುವ ಮನೆತನ ನಮ್ಮದು. ಬಿಂಡಿಗನವಿಲೆಯಲ್ಲಿ ಅಪ್ಪನ ಕುಲುಮೆ, ಎತ್ತಿಗೆ ಲಾಳ ಕಟ್ಟುವುದೇ ಕಸುಬು. ಹೀಗಿರುವಾಗ ಕಾಡುಪ್ರಾಣಿಯ ಹೆಜ್ಜೆ ಓದುವುದು ನನಗೆ ಯಾವ ಮಹಾ ವಿದ್ಯೆ? ಗೊರಸಿಗೆ ಎರಡು ಹೋಳು, ಪಂಜಕ್ಕೆ ನಾಲ್ಕು ಬೆರಳು. ಎರಡು ಜಾಸ್ತಿ, ಅಷ್ಟೇ!

ಈ ಧೈರ್ಯಕ್ಕೆ ಒಬ್ಬ ಗುರುವೂ ಇದ್ದ. ದಂಡಿನ ಎತ್ತುಗಳಿಗೆ ಲಾಳ ಕೊಡಲು ಶ್ರೀರಂಗಪಟ್ಟಣಕ್ಕೆ ಹೋಗಿದ್ದಾಗ, ಗಂಜಾಂ ದಾರಿಯಲ್ಲಿ ಅರಮನೆಯ ಶಿವಂಗಿಯೊಂದನ್ನು ಕಂಡೆ. ಜಿಂಕೆ ಬೇಟೆಗೆ ಪಳಗಿಸಿದ್ದು, ಚಿರತೆಯ ಬಡಕಲು ದಾಯಾದಿ ಅನ್ನಿ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಗಾಡಿಯ ಮೇಲೆ ಮದುಮಗನ ಹಾಗೆ ಕೂತಿತ್ತು. ಅದನ್ನು ನೋಡಿಕೊಳ್ಳುವ ಮುದುಕ ಸಾಹೇಬರಿಗೆ ಮಾತಾಡಲು ಯಾರಾದರೂ ಬೇಕಿತ್ತು, ನನಗೆ ಅವರ ಹುರಿಗಡಲೆ ಬೇಕಿತ್ತು. ಹುಲಿ, ಚಿರತೆಗಳು ನಡೆಯುವಾಗ ಉಗುರು ಒಳಗೆಳೆದುಕೊಳ್ಳುತ್ತವೆ, ಶಿವಂಗಿಗೆ ಅದು ಆಗದು, ಹೆಜ್ಜೆಯಲ್ಲಿ ಉಗುರು ಮೂಡುತ್ತದೆ ಅಂದರು. ಕೆಸರಲ್ಲಿ ಬೆರಳು ಅಗಲವಾಗುತ್ತದೆ, ಇಳಿಜಾರಿನಲ್ಲಿ ಜಾರಿ ಹೆಜ್ಜೆ ಉದ್ದವಾಗುತ್ತದೆ, ಒಣಗಿದ ಮೇಲೆ ಅಂಚು ಉದುರಿ ಬೆಕ್ಕಿನದೂ ಹುಲಿಯದಾಗುತ್ತದೆ ಅಂದರು. ಕೊನೆಗೆ ಇನ್ನೊಂದು ಮಾತು ಸೇರಿಸಿದರು: "ಉಗುರು ಕಂಡ್ರೆ ಮೊದ್ಲು ನಾಯಿ ಅನ್ಕೋ ಬೇಟಾ, ಆಮೇಲೆ ಶಿವಂಗಿ ಅನ್ನು." ಅಷ್ಟು ಹೊತ್ತಿಗೆ ಕಡಲೆ ಮುಗಿದಿತ್ತು. ನಾನು ಎದ್ದಿದ್ದೆ.

ಇದಾದ ಸ್ವಲ್ಪ ದಿನಕ್ಕೆ ಅಪ್ಪ ನನ್ನನ್ನು ಹಿರೋಡೆ ಕಡೆಯ ಸೋದರಮಾವನ ಮನೆಗೆ ಕರೆದುಕೊಂಡು ಹೋದ. ಮಾವನ ಮಗಳು ಚೆನ್ನಾಜಿಯನ್ನು ನನಗೆ ತರುವ ಮಾತು. ಎಲೆ ಅಡಿಕೆ ಬದಲಾಯಿಸುವ ತನಕ ಹುಡುಗಿ ಹುಡುಗನ ಎದುರಿಗೆ ಬಾಯಿ ಬಿಡಬಾರದು ಅನ್ನುವುದು ಆ ಮನೆಯ ಕಟ್ಟು. ಹುಡುಗನಿಗೂ ಅದೇ ಕಟ್ಟು ಹಾಕಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ಹೋದ ಹೊತ್ತಿಗೆ ಊರಲ್ಲಿ ಗದ್ದಲ. ಗೌಡರ ಕೋಳಿಗಳು ಒಂದೊಂದಾಗಿ ಮಾಯವಾಗುತ್ತಿದ್ದವು, ಕೆರೆಯ ಅಂಚಿನ ಕೆಸರಲ್ಲಿ ದೊಡ್ಡ ದೊಡ್ಡ ಹೆಜ್ಜೆ. ಮಾವ ನನ್ನ ಭುಜ ತಟ್ಟಿ ಗೌಡರ ಮುಂದೆ ನಿಲ್ಲಿಸಿದ. "ನಮ್ಮ್ ಅಳಿಮಯ್ಯ ಪಟ್ಣ ಕಂಡವ್ನೆ ಗೌಡ್ರೆ. ಯೆಜ್ಜೆ ನೋಡಿ ಯಾವ್ ಪ್ರಾಣಿ ಅಂತ ಏಳ್ತಾನೆ."

ಮೊಣಕಾಲೂರಿ ಕೂತೆ. ಉಗುರು ಎದ್ದು ಕಾಣುತ್ತಿತ್ತು. ಬೆರಳು ಅಗಲ. ಮುಂದಿನ ಬಲಗಾಲಲ್ಲಿ ಒಂದು ಬೆರಳಿನ ಗುರುತೇ ಇಲ್ಲ. ಎದ್ದು ನಿಂತು ಪಂಚಾಂಗ ಓದುವ ಜೋಯಿಸರ ಧಾಟಿಯಲ್ಲಿ ತೀರ್ಪು ಕೊಟ್ಟೆ: ಇದು ಶಿವಂಗಿ. ಅರಮನೆಯಿಂದ ತಪ್ಪಿಸಿಕೊಂಡದ್ದು. ಬೇಟೆಯಲ್ಲಿ ಹಂದಿ ತಿವಿದು ಬೆರಳು ಹೋಗಿದೆ. ಹೆಣ್ಣು. ಹೆಜ್ಜೆ ಇಷ್ಟು ಆಳಕ್ಕೆ ಊರಿರುವುದರಿಂದ, ಬಸುರಿ!

ಗೌಡರು ಕೈಯಲ್ಲಿದ್ದ ದೊಣ್ಣೆಯನ್ನು ಮೆಲ್ಲಗೆ ನೆಲಕ್ಕಿಟ್ಟರು. ಚಿರತೆಯಾಗಿದ್ದರೆ ಊರೇ ಸೇರಿ ಅಟ್ಟಬಹುದಿತ್ತು. ಅರಮನೆಯ ಪ್ರಾಣಿಗೆ ಕಲ್ಲೆಸೆದವರ ಗತಿಯೇನು? ಅವತ್ತಿಂದ ಕಾವಲು ನಿಂತುಹೋಯಿತು. ಮಾವನ ಕುಲುಮೆಯ ನಾಯಿ ಕರಿಯ ಒಬ್ಬ ಮಾತ್ರ ಹೆದರದೆ ಕೆರೆ ಕಡೆ ಓಡಾಡುತ್ತಿದ್ದ. ಅವನ ಹೆಜ್ಜೆ ಯಾಕೆ ಎಲ್ಲೂ ಕಾಣುವುದಿಲ್ಲ ಎಂದು ಯಾರೋ ಕೇಳಿದರು. ಜಾಣ ನಾಯಿ ಶಿವಂಗಿಯ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ಹೋಗುತ್ತದೆ ಎಂದೆ. ಜನ ತಲೆದೂಗಿದರು. ನಾನೂ ತೂಗಿದೆ.

ಇನ್ನು ಬಸುರಿ ಅನ್ನುವ ಮಾತು ಮಾವನ ತಾಯಿಯ ಕಿವಿಗೆ ಬಿತ್ತು. ನನ್ನ ಅಮ್ಮನಿಗೂ ಅವಳೇ ತಾಯಿ, ನನಗೆ ಅಜ್ಜಿ. ಬಾಗಿಲಿಗೆ ಬಂದ ಬಸುರಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದರೆ ಊರಿಗೆ ಒಳ್ಳೆಯದಾಗದು ಎಂದು ಅವಳ ಹಟ. ಹೆಂಗಸರೆಲ್ಲ ಸೇರಿ ಬಯಕೆ ಊಟ ಮಾಡಿದರು. ಮೊಸರನ್ನ, ನೀರುಮಜ್ಜಿಗೆ, ಕಜ್ಜಾಯ, ಎಳ್ಳುಬೆಲ್ಲ ಕುಟ್ಟಿದ ಚಿಗಳಿ ಉಂಡೆ. ಮಡಕೆಯಲ್ಲಿಟ್ಟು ಕೆರೆ ಅಂಚಿಗೆ ಒಯ್ದು, ಪಕ್ಕದ ಲಕ್ಕಿ ಗಿಡಕ್ಕೆ ಹಸಿರು ಬಳೆ ತೊಡಿಸಿ ಬಂದರು. ಬೆಳಿಗ್ಗೆ ನೋಡಿದರೆ ಮಡಕೆ ತೊಳೆದಿಟ್ಟ ಹಾಗಿತ್ತು! ಚೆಲ್ಲಿದ ನೀರುಮಜ್ಜಿಗೆಯಿಂದ ಕೆಸರು ಇನ್ನೂ ಮೆತ್ತಗಾಗಿ ಹೆಜ್ಜೆ ತಟ್ಟೆಯಗಲ ಆಗಿತ್ತು. ನಾನು ಗಂಭೀರನಾಗಿ, ದಿನ ತುಂಬಿದೆ ಎಂದೆ.

ಕರಿಯ ಮಾತ್ರ ಅಂಗಳದಲ್ಲಿ ಹೊಟ್ಟೆ ಮೇಲೆ ಮಾಡಿ ಬಿದ್ದಿದ್ದ. ಹಾಕಿದ ಮುದ್ದೆ ಮೂಸುತ್ತಿರಲಿಲ್ಲ. ಪಾಪ, ಭಯಕ್ಕೆ ಹಸಿವು ಸತ್ತಿದೆ ಎಂದು ಅದಕ್ಕೂ ವಿವರಣೆ ಕೊಟ್ಟೆ.

ಅರಮನೆಯ ಸೊತ್ತು ಊರಲ್ಲಿ ಈದರೆ ತಮ್ಮ ತಲೆಗೆ ಬರುತ್ತದೆ ಎಂದು ಗೌಡರು ಪಟ್ಟಣಕ್ಕೆ ಸುದ್ದಿ ಕಳಿಸಲು ನಿಂತರು. ಹೋಗುವ ಆಳು ಮಾವನ ಅಂಗಳದಲ್ಲಿ ಬುತ್ತಿ ಕಟ್ಟಿಕೊಂಡು ಸಿದ್ಧನಾದ. "ಕಂಡ್ ಇಡ್ದಿರೋನು ನೀನು. ನೀನೂ ಓಗಿ ಅರಮನೆಯೋರಿಗೆ ಏಳು" ಅಂದರು ಗೌಡರು ನನಗೆ. ಆಗ ಮೊದಲ ಸಲ ಸಾಹೇಬರ ಕೊನೆಯ ಮಾತು ನೆನಪಿಗೆ ಬಂತು. ಸುದ್ದಿ ಸುಳ್ಳಾದರೆ ಮದುವೆ ಹಾಳಾಗಲಿ, ಮದುಮಗನೇ ಉಳಿಯುವುದಿಲ್ಲ!

ಚೆನ್ನಾಜಿ ಆಗತಾನೆ ಅಂಗಳಕ್ಕೆ ಸಗಣಿ ಸಾರಿಸಿ ಒಳಗೆ ಹೋಗಿದ್ದಳು. ಅವಳು ಯಾರ ಹತ್ತಿರವೂ ಮಾತಾಡಲಿಲ್ಲ. ಬಾಗಿಲ ಹಿಂದೆ ನಿಂತು "ಕುರ್ರೋ, ಕುರ್ರೋ" ಎಂದು ನಾಯಿಯನ್ನು ಕರೆದಳು, ಅಷ್ಟೇ. ನಾಯಿಯ ಜೊತೆ ಮಾತಾಡಬಾರದು ಎಂದು ಕಟ್ಟು ಇರಲಿಲ್ಲ.

ಕರಿಯ ಎದ್ದ. ನಮ್ಮೆಲ್ಲರ ಮುಂದೆ, ಹಸಿ ಸಗಣಿಯ ಮೇಲೆ, ಕುಂಟುತ್ತ ನಡೆದ. ಹಿಂದೆ ಸಾಲಾಗಿ ಹೆಜ್ಜೆ ಮೂಡಿತು. ಉಗುರು ಸ್ಪಷ್ಟ. ಬೆರಳು ಅಗಲ. ಮುಂದಿನ ಬಲಗಾಲಲ್ಲಿ ಒಂದು ಬೆರಳು ಇಲ್ಲ. ಕುಲುಮೆಯ ಕೆಂಡ ತುಳಿದು ಸುಟ್ಟುಕೊಂಡದ್ದಂತೆ. ಆ ಗಾಯಕ್ಕೆ ಬೆಣ್ಣೆ ಹಚ್ಚಿದವಳು ಚೆನ್ನಾಜಿಯಂತೆ. ಅವನ ಮೂತಿಯಲ್ಲಿ ಇನ್ನೂ ಚಿಗಳಿಯ ಎಳ್ಳು ಅಂಟಿತ್ತು.

ನಾನು ಕೊನೆಯ ಆಸೆಯಿಂದ, ಆದರೆ ಅದು ಹೆಣ್ಣು ಎಂದು ಬಾಯಿ ತೆರೆದೆ. ಕರಿಯ ಕಂಬದ ಹತ್ತಿರ ಹೋಗಿ ಕಾಲೆತ್ತಿದ. ಆ ವಾದವೂ ಅಲ್ಲಿಗೆ ಮುಗಿಯಿತು.

ಆಮೇಲೆ ಗೌಡರು ಮಾವನ ಕಡೆ ತಿರುಗಿ, "ಆಚಾರಿ, ನಿಮ್ಮ್ ಶಿವಂಗಿ ನಮ್ಮ್ ಕೋಳಿ ಎಲ್ಲಾ ತಿಂದಾಕ್ಬುಡ್ತಲ್ಲ" ಅಂದರು. ಮಾವ ಕುಲುಮೆಯೊಳಗೆ ಹೋಗಿ ತಣ್ಣಗಿದ್ದ ಕಬ್ಬಿಣವನ್ನು ಬಡಿಯತೊಡಗಿದ. ಯಾರ ತಲೆ ನೆನೆಸಿಕೊಂಡು ಬಡಿಯುತ್ತಿದ್ದಾನೆ ಎಂದು ಹೇಳಲು ಹೆಜ್ಜೆ ನೋಡಬೇಕಿರಲಿಲ್ಲ. ಅಪ್ಪ ಹೆಗಲ ಮೇಲೆ ವಲ್ಲಿ ಹಾಕಿಕೊಂಡು ಹೊರಡಲು ಎದ್ದ. ನನ್ನ ಮದುವೆ ಅಂಗಳ ದಾಟಿ ಹೋಗುತ್ತಿತ್ತು.

ತಡೆದವಳು ಅಜ್ಜಿ. ಗಂಡುನಾಯಿಗೆ ಬಯಕೆ ಬಡಿಸಿದ ಸಿಟ್ಟು ಮುಖದಲ್ಲಿತ್ತು. ಆದರೂ ಅಳೆದು ತೂಗಿ ಹೇಳಿದಳು: "ಸುಳ್ಳ ಆಗಿದ್ರೆ ಬ್ಯಾಡ ಅಂತಿದ್ದೆ. ಇವ್ನು ಬರೀ ದಡ್ಡ ಕಣ್ಲಾ. ದಡ್ಡುನ್ನ ಸಾಕ್ಬೋದು. ಕೂಸೇ, ಏನಂತೀಯ?"

ಬಾಗಿಲ ಹಿಂದಿನಿಂದ ನಗು ಕೇಳಿತು. ನಗುವುದು ಮಾತಾಡಿದ ಹಾಗಲ್ಲವಲ್ಲ!

ಮದುವೆಯಾಯಿತು. ಹೆಜ್ಜೆಯ ವಿಷಯ ಎತ್ತುವುದಿಲ್ಲ ಎಂದು ನಾನು ಮಾವನಿಗೆ ಕೈಮುಗಿದು ಭಾಷೆ ಕೊಟ್ಟಿದ್ದೇನೆ. ಈಗ ಆ ವಿದ್ಯೆ ನನ್ನ ಹೆಂಡತಿಯದು. ದಿನಾ ನೆಲ ಸಾರಿಸಿ, ನಾನು ಓಡಾಡಿದ ಮೇಲೆ ಬಗ್ಗಿ ನೋಡುತ್ತಾಳೆ. "ತುದಿಗಾಲು. ಬೆಲ್ಲದ ಮಡಕೆ ತಾವ್ಕೆ ಓಗೈತೆ. ಬರ್ತಾ ಕಾಲ್ ಇಮ್ಮಡಿ ಊರೈತೆ, ಭಾರ ಆಗೈತೆ" ಅನ್ನುತ್ತಾಳೆ. ಒಂದು ಸಲವೂ ತಪ್ಪಿಲ್ಲ. ಬಸುರಿ ಅಂತ ಮಾತ್ರ ಇನ್ನೂ ಅಂದಿಲ್ಲ. ನನ್ನ ಹೊಟ್ಟೆ ನೋಡಿದರೆ ಅದೂ ದೂರವಿಲ್ಲ.